ನೂರ ಅರವತ್ತೊಂದು ಮೆಟ್ಟಿಲ ಮೇಲಿನ ನೆರವು ಕೇಂದ್ರ

ರಾಷ್ಟ್ರೀಯ ಅಂಗವಿಕಲರ ಹಕ್ಕುಗಳ ಕಾರ್ಯನೀತಿ ನಮ್ಮ ಕಚೇರಿಗೆ ಬಂದದ್ದು ಒಂದು ಮಂಗಳವಾರ, ಕರಿಯಣ್ಣನ ಹೆಗಲ ಮೇಲೆ. ರಟ್ಟಿನ ಪೆಟ್ಟಿಗೆಯಲ್ಲಿ ಐವತ್ತು ಪ್ರತಿ, ಒಂದೊಂದಕ್ಕೂ ಇನ್ನೂರ ಹದಿನಾಲ್ಕು ಪುಟ. ಹೊಳೆಯುವ ರಕ್ಷಾಪುಟದ ಮೇಲೆ ಗಾಲಿಕುರ್ಚಿಯಲ್ಲಿ ಕೂತ ಮಗುವೊಂದು ಇಳಿಜಾರಿನ ಪಕ್ಕ ನಗುತ್ತಿತ್ತು. ಆ ಇಳಿಜಾರು ಯಾವ ಊರಿನದೋ, ನಮ್ಮದಂತೂ ಅಲ್ಲ. ಕರಿಯಣ್ಣ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಳಿಸಿ, ಟವೆಲಿನಿಂದ ಕತ್ತು ಒರೆಸಿಕೊಂಡು, "ಭಾರ ಐತೆ ಕಣಮ್ಮಾವ್ರೆ ಈ ಹಕ್ಕು," ಅಂದ.

ನಮ್ಮ ಊರಿನಲ್ಲಿ ಸಾಹೇಬರು ಒಂದು ಆದೇಶಕ್ಕೆ ಸಹಿ ಹಾಕಿದರೆ ಕಚೇರಿಗೆ ಒಂದು ಮೆಟ್ಟಿಲು ಹೆಚ್ಚುತ್ತದೆ. ಸಹಿಯ ಶಾಯಿ ಒಣಗುವಷ್ಟರಲ್ಲಿ ಕೆಳಗಡೆ ಕಲ್ಲಿನ ಹೊಸ ಮೆಟ್ಟಿಲೊಂದು ಬಂದಿರುತ್ತದೆ, ಕಚೇರಿ ಅಷ್ಟು ಮೇಲೆ ಎದ್ದಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ನಲವತ್ತೊಂದಿದ್ದವು. ಹದಿನೇಳು ವರ್ಷಗಳಲ್ಲಿ ಬರೀ ಇಪ್ಪತ್ತಮೂರು ಹೆಚ್ಚಿದ್ದು ನಮ್ಮ ಪುಣ್ಯ. ನಮಗೆ ಸಿಕ್ಕಿದ ಸಾಹೇಬರುಗಳೆಲ್ಲ ಶುದ್ಧ ಸೋಮಾರಿಗಳು. ಯಾವ ಕೆಲಸವನ್ನೂ ಮಾಡದ ಅಧಿಕಾರಿಗೆ ವರ್ಗವಾದರೆ ಊರವರು ಬೀಳ್ಕೊಡುಗೆಯಲ್ಲಿ ಕಣ್ಣೀರು ಹಾಕುತ್ತಿದ್ದರು. ಹತ್ತಲಾರದವರ ಅರ್ಜಿಗಳನ್ನು ಮೇಲಕ್ಕೆ ಒಯ್ದು, ಉತ್ತರವನ್ನು ಕೆಳಕ್ಕೆ ತರುವ ಕರಿಯಣ್ಣನಂಥ ಏಳೆಂಟು ಜನ ಅದರಲ್ಲೇ ಹೊಟ್ಟೆ ಹೊರೆದುಕೊಂಡಿದ್ದರು. ಸಾಹೇಬರಿಗೆ ಮಾತ್ರ ಕುರ್ಚಿ ಹೊರುವ ನಾಲ್ವರಿದ್ದರು. ಬೆಳಿಗ್ಗೆ ಮೇಲಕ್ಕೆ, ಸಂಜೆ ಕೆಳಕ್ಕೆ. ಅದನ್ನು ಯಾರೂ ನೆರವು ಎನ್ನುವುದಿಲ್ಲ, ಸೌಲಭ್ಯ ಎನ್ನುತ್ತಾರೆ.

ಪೆಟ್ಟಿಗೆ ಬಂದ ಮಧ್ಯಾಹ್ನವೇ ಸಾಹೇಬರು ನನ್ನನ್ನು ಕರೆಸಿದರು. ಇವರು ಹೊಸಬರು, ದುರದೃಷ್ಟಕ್ಕೆ ಚುರುಕಿನವರು. "ಸರ್ವಮಂಗಳ ಅವರೇ, ಈ ಕಾರ್ಯನೀತಿಗೆ ನಿಮ್ಮನ್ನೇ ನೋಡಲ್ ಅಧಿಕಾರಿ ಮಾಡ್ತಾ ಇದೀನಿ," ಅಂದರು.

"ನಾನು ಟಪಾಲು ವಿಭಾಗದ ಗುಮಾಸ್ತೆ ಸಾರ್."

"ಗೊತ್ತು. ಆದ್ರೆ ನಿಮಗೆ," ಎಂದು ಅವರು ನನ್ನ ಎಡಗಾಲಿಗೆ ಆಸರೆಯಾದ ಕಬ್ಬಿಣದ ಕ್ಯಾಲಿಪರ್ ಕಡೆ ನೋಡಿ, ನೋಡಬಾರದೇನೋ ಅನಿಸಿ ಛಾವಣಿ ನೋಡಿ, "ಅನುಭವ ಇದೆಯಲ್ಲ," ಅಂದರು.

ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಕಾಲು ಸೊರಗಿದಾಗ ಅದು ಮುಂದೊಂದು ದಿನ ಸೇವಾ ಅರ್ಹತೆಯಾದೀತೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೂ ನಿಜ ಹೇಳಬೇಕು. ನನಗೆ ಹಿಗ್ಗಾಯಿತು. ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ ಬಂತು. ಅಲ್ಲಿಯವರೆಗೆ 'ಏ ಟಪಾಲು' ಎನ್ನುತ್ತಿದ್ದ ಇಲಾಖೆಗಳವರು 'ಮೇಡಂ' ಎನ್ನತೊಡಗಿದರು. ಹಿಗ್ಗಿನಲ್ಲಿ ಮನುಷ್ಯರು ಮಾಡುವ ತಪ್ಪುಗಳನ್ನೆಲ್ಲ ನಾನೂ ಮಾಡಿದೆ, ಒಳ್ಳೆಯ ಕೈಬರಹದಲ್ಲಿ ಮಾಡಿದೆ.

ಮೊದಲ ಸಭೆ ಮೂರು ಗಂಟೆ ನಡೆಯಿತು. ಚರ್ಚೆ ಒಂದೇ: ಇವರನ್ನು ಏನೆಂದು ಕರೆಯಬೇಕು? ಅಂಗವಿಕಲರು ಎಂದರೆ ನೋವಾಗುತ್ತದೆ ಎಂದರು ಅಬಕಾರಿಯವರು. ವಿಕಲಚೇತನರು ಎಂದು ಆದೇಶವಾಯಿತು. ಅದರಲ್ಲೂ ವಿಕಲ ಉಳಿದಿದೆಯಲ್ಲ ಎಂದು ಪಶುಸಂಗೋಪನೆಯವರು ಕಣ್ಣು ತೇವ ಮಾಡಿಕೊಂಡದ್ದರಿಂದ ವಿಶೇಷ ಚೇತನರು ಎಂದು ತಿದ್ದುಪಡಿ ಆದೇಶವಾಯಿತು. ಆಮೇಲೆ ಕಾರ್ಯನೀತಿಯ ರಕ್ಷಾಪುಟವನ್ನು ಓದಿದವರೊಬ್ಬರು ಅಲ್ಲಿ ಅಂಗವಿಕಲರು ಎಂದೇ ಇರುವುದನ್ನು ತೋರಿಸಿದರು. ಮೂರನೆಯ ಆದೇಶವಾಯಿತು. ಮೂರು ಮೆಟ್ಟಿಲು ಮೇಲೇರಿ ನಾವು ಹೊರಟಲ್ಲಿಗೇ ಬಂದಿದ್ದೆವು. ಅಷ್ಟು ಹೊತ್ತಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಸರ್ವಮಂಗಳ ಎನ್ನಿ ಸಾಕು, ಅಂದಿರುತ್ತಿದ್ದೆ.

ಕಾರ್ಯನೀತಿಯನ್ನು ಸರ್ಕಾರದ ಎಲ್ಲ ಇಲಾಖೆಗಳಲ್ಲೂ ಜಾರಿಗೆ ತರಬೇಕು ಎಂದು ಒಂಬತ್ತನೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು. ನಮ್ಮಲ್ಲಿ ಇಪ್ಪತ್ತೇಳು ಇಲಾಖೆಗಳು. ಪ್ರತಿಯೊಂದಕ್ಕೂ ಕೋಶ ರಚನೆಗೆ ಒಂದು ಆದೇಶ, ಕೋಶಕ್ಕೆ ಅಧಿಕಾರಿ ನೇಮಕಕ್ಕೆ ಒಂದು, ಕ್ರಿಯಾಯೋಜನೆಗೆ ಒಂದು. ಊರಲ್ಲಿ ಒಂದು ಹೊಂಡವೂ ಇಲ್ಲ, ಮೀನುಗಾರಿಕೆ ಇಲಾಖೆ ಇದೆ; ಅದಕ್ಕೂ ಮೂರು. ಎಂಬತ್ತೊಂದು ಕರಡುಗಳನ್ನೂ ನಾನೇ ಬರೆದೆ. ತಿಂಗಳ ಕೊನೆಗೆ ರಾಜಧಾನಿಗೆ ಹೋಗುವ ವರದಿಯಲ್ಲಿ 'ಹೊರಡಿಸಿದ ಆದೇಶಗಳ ಸಂಖ್ಯೆ' ಎಂಬ ಕಾಲಂ ಇತ್ತು. ಉಳಿದ ಊರುಗಳಿಗಿಂತ ನಾವು ಮುಂದಿದ್ದೆವು. ಸಾಹೇಬರಿಗೆ ಪ್ರಶಂಸಾ ಪತ್ರ ಬಂತು. ಅದನ್ನೂ ಕರಿಯಣ್ಣನೇ ಹೊತ್ತು ತಂದ, ನಡುವೆ ಎರಡು ಕಡೆ ಕೂತು.

ಇಳಿಜಾರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅರವತ್ತನಾಲ್ಕು ಮೆಟ್ಟಿಲಿದ್ದಾಗ ಅದರ ನಕ್ಷೆಯಾಯಿತು. ಆಡಳಿತ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರು, ಮರುಟೆಂಡರು ಎಂದು ಏಳು ಆದೇಶ. ಕಟ್ಟಿ ಮುಗಿಯುವಷ್ಟರಲ್ಲಿ ಕಚೇರಿ ಅದರ ನೆತ್ತಿಯ ಮೇಲೆ ಎದ್ದು ಹೋಗಿತ್ತು. ಈಗ ಅದು ನಡುಹಾದಿಯಲ್ಲಿ ಗಾಳಿಗೆ ಬಾಯಿ ತೆರೆದು ನಿಂತಿದೆ. ಆಡುಗಳು ಅದರ ತುದಿಯವರೆಗೆ ಹತ್ತಿ, ಮುಂದೇನು ಎಂದು ಯೋಚಿಸಿ ಹಿಂದಿರುಗುತ್ತವೆ. 'ಇಳಿಜಾರು: ಪೂರ್ಣಗೊಂಡಿದೆ' ಎಂದು ವರದಿಯಲ್ಲಿ ಬರೆದವಳು ನಾನೇ. ಅದು ಸುಳ್ಳಲ್ಲ.

ಎಂಟು ತಿಂಗಳಲ್ಲಿ ನೂರೈವತ್ತು ದಾಟಿತು. ನಾನು ಮನೆ ಬಿಡುವ ಹೊತ್ತು ಒಂಬತ್ತರಿಂದ ಎಂಟಕ್ಕೆ, ಎಂಟರಿಂದ ಏಳಕ್ಕೆ ಬಂತು. ಕ್ಯಾಲಿಪರಿನ ಪಟ್ಟಿ ಮಂಡಿಯ ಕೆಳಗೆ ಉಜ್ಜಿ ಗಾಯವಾಗಿತ್ತು. ಹತ್ತಿ ಇಟ್ಟು ಬಿಗಿದುಕೊಂಡು ಹತ್ತುತ್ತಿದ್ದೆ. ಹೀಗಿರುವಾಗ ಸಾಹೇಬರು ಕಾರ್ಯನೀತಿಯ ಕಳಸದಂಥ ಕೆಲಸವೊಂದನ್ನು ಮಾಡಿದರು: ಕಚೇರಿಯ ತುತ್ತತುದಿಯಲ್ಲಿ, ನನ್ನ ಕೋಣೆಯ ಪಕ್ಕ, ಅಂಗವಿಕಲರ ನೆರವು ಕೇಂದ್ರ ತೆರೆದರು. ಅದಕ್ಕೊಂದು ಮೆಟ್ಟಿಲು. ಅಲ್ಲಿಗೆ ಅಂಗವಿಕಲರಿಗೇ ಮೀಸಲಾದ ಒಂದು ಸಹಾಯಕರ ಹುದ್ದೆ ಮಂಜೂರಾಯಿತು. ಮತ್ತೊಂದು. ಪರೀಕ್ಷೆ ನಡೆದು, ಪಟ್ಟಿ ಬಂದು, ಜುಲೇಖಾ ಎಂಬ ಇಪ್ಪತ್ತಾರು ವರ್ಷದ ಹುಡುಗಿಯ ನೇಮಕವಾಯಿತು. ಇನ್ನೊಂದು. ಮೆಟ್ಟಿಲು ನೂರ ಐವತ್ತೆಂಟಾದವು. ಇಪ್ಪತ್ತೇಳು ಇಲಾಖೆಗಳು ಸೇರಿ ಎಂಟು ತಿಂಗಳಲ್ಲಿ ಒಬ್ಬ ವ್ಯಕ್ತಿಗೆ ಏನಾದರೂ ಕೊಟ್ಟದ್ದಿದ್ದರೆ ಇದೊಂದೇ.

ಸೋಮವಾರ ಬೆಳಿಗ್ಗೆ ಕರಿಯಣ್ಣ ಏದುಸಿರು ಬಿಡುತ್ತ ಬಂದ. "ಅಮ್ಮಾವ್ರೆ, ನಿಮ್ಮ ಹೊಸ ಸಹಾಯಕಿ ಬಂದವ್ಳೆ. ಕೆಳಗವ್ಳೆ. ನೀವೇ ಬರ್ಬೇಕಂತೆ."

ಇಳಿದು ಹೋದೆ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನ ಮೇಲೆ ಹಸಿರು ದುಪಟ್ಟಾದ ಹುಡುಗಿ ಕೂತಿದ್ದಳು. ಎರಡೂ ಕಾಲುಗಳು ಮಡಿಚಿಟ್ಟ ಬಟ್ಟೆಯ ಹಾಗೆ ಒಂದು ಬದಿಗಿದ್ದವು. ಮಡಿಲಲ್ಲಿ ನೇಮಕಾತಿ ಪತ್ರ. ತಲೆಯೆತ್ತಿ ಮೆಟ್ಟಿಲುಗಳನ್ನು ತುದಿಯವರೆಗೂ ನೋಡಿ, "ಅಕ್ಕ, ನೆರವು ಕೇಂದ್ರ ಎಲ್ಲಿದೆ?" ಅಂದಳು.

ತೋರಿಸಿದೆ. ಬೆರಳು ಎತ್ತುವಾಗ ನನಗೇ ಅವಮಾನವಾಯಿತು.

"ಒಳ್ಳೇ ಗಾಳಿ ಬರುತ್ತೆ ಅಲ್ವಾ?" ಅಂದಳು.

ಕರಿಯಣ್ಣ ಟವೆಲು ಕೊಡವಿ ಮುಂದೆ ಬಂದ. "ಬಾ ತಾಯಿ, ಬೆನ್ನಿಗೆ ಹಾಕ್ಕೊತೀನಿ. ಸಹಿ ಮಾಡಿ ಬಂದ್ಬಿಡು."

"ನಾಳೆ?"

"ನಾಳೇನೂ ಹೊರ್ತೀನಿ."

"ನಾಡಿದ್ದು? ನಿಮಗೆ ಜ್ವರ ಬಂದ ದಿನ? ಮಧ್ಯಾಹ್ನ ನನಗೆ ಬಾತ್‌ರೂಮಿಗೆ ಹೋಗ್ಬೇಕಾದಾಗ?" ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ಸಲ ಹೇಳಿ ಸವೆದ ಮಾತು. "ಅಣ್ಣ, ನೀವು ಒಳ್ಳೆಯವ್ರು. ಆದ್ರೆ ಮೂವತ್ತು ವರ್ಷ ನಾನು ಮೂಟೆಯಾಗಿ ಕೆಲ್ಸಕ್ಕೆ ಹೋಗೋಕಾಗಲ್ಲ. ಸಾಹೇಬ್ರನ್ನ ಹೊತ್ರೆ ಅವ್ರು ಸಾಹೇಬ್ರಾಗೇ ಇರ್ತಾರೆ. ನನ್ನ ಹೊತ್ರೆ ಮೂಟೆ."

ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಅವಳಿಗೆ ಇನ್ನು ಒಂಬತ್ತು ದಿನ ಇತ್ತು. ಹಾಕದಿದ್ದರೆ ಹುದ್ದೆ ರದ್ದು; 'ಅರ್ಹ ಅಭ್ಯರ್ಥಿ ಲಭ್ಯವಿಲ್ಲ' ಎಂದು ಷರಾ ಬರೆದು ಖಾಲಿ ಜಾಗವನ್ನು ವಾಪಸು ಕಳಿಸುತ್ತಾರೆ. ಮುಂದೆ ಯಾರು ಕೇಳಿದರೂ, ಕೊಟ್ಟಿದ್ದೆವು, ಅವರೇ ಬರಲಿಲ್ಲ, ಎನ್ನಬಹುದು.

ಸಾಹೇಬರ ಬಳಿ ಹೋದೆ. ಅವರು ಮನಸ್ಸು ಕರಗಿದವರಂತೆ ಕೇಳಿಸಿಕೊಂಡರು. "ಛೆ ಛೆ, ತುಂಬ ಸೂಕ್ಷ್ಮ ವಿಚಾರ. ಒಂದು ಪರಿಶೀಲನಾ ಸಮಿತಿ ಮಾಡೋಣ."

"ಸಾರ್, ಹಾಜರಿ ಪುಸ್ತಕವನ್ನ ಒಂದು ಸಲ ಕೆಳಗೆ ತಗೊಂಡು ಹೋದ್ರೆ ಸಾಕು."

"ಹಾಜರಿ ಪುಸ್ತಕ ಕಚೇರಿ ಬಾಗಿಲು ದಾಟಬಾರದು ಅಂತ ನಿಯಮ ಇದೆಯಮ್ಮ. ದಾಟೋಕೆ ಆದೇಶ ಬೇಕು. ಆದೇಶಕ್ಕೆ ಸಮಿತಿ ಶಿಫಾರಸು ಬೇಕು."

ಸಮಿತಿ ರಚನೆಯಾಯಿತು. ಸಮಿತಿಗೆ ಕಾಲಾವಕಾಶ ವಿಸ್ತರಣೆಯಾಯಿತು. ಅಭ್ಯರ್ಥಿಯನ್ನು ಸೌಜನ್ಯಪೂರ್ವಕವಾಗಿ ಎತ್ತಿ ತರಬಹುದು ಎಂದು ಸಮಿತಿ ಹೇಳಿತು, ಅದೂ ಆದೇಶವಾಯಿತು. ನೂರ ಅರವತ್ತೊಂದು. ಸಮಿತಿಯ ಐದೂ ಜನ ಸದಸ್ಯರಲ್ಲಿ ಒಬ್ಬರೂ ಜುಲೇಖಾಳನ್ನು ನೋಡಿರಲಿಲ್ಲ. ಇಳಿದರೆ ಮತ್ತೆ ಹತ್ತಬೇಕಲ್ಲ ಎಂಬುದು ಅವರ ತೊಂದರೆ.

ಅಷ್ಟು ದಿನವೂ ಅವಳು ಬಂದಳು. ಹತ್ತು ಗಂಟೆಗೆ ಸರಿಯಾಗಿ ಬಂದು ಮೆಟ್ಟಿಲ ಬುಡದಲ್ಲಿ, ಚಹಾದಂಗಡಿಯವನು ಕೊಟ್ಟ ಮುರುಕು ಮೇಜಿನ ಹಿಂದೆ ಕೂತು, ಐದೂವರೆಗೆ ಹೋಗುತ್ತಿದ್ದಳು. ಎರಡನೆಯ ದಿನ ಕಿವಿ ಕೇಳದ ಮಗಳನ್ನು ಕರೆದುಕೊಂಡು ಬಂದ ಮುದುಕರೊಬ್ಬರು ಮೇಲೆ ನೋಡಿ ನಿಟ್ಟುಸಿರು ಬಿಟ್ಟಾಗ, "ಏನು ಬೇಕಿತ್ತು ತಾತ?" ಎಂದು ಕೇಳಿದಳು. ಬಸ್ ಪಾಸು. ಯಾವ ಅರ್ಜಿ, ಯಾವ ಕಾಗದ, ಯಾರ ಸಹಿ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆರು ವರ್ಷ ತನಗಾಗಿ ಅಲೆದದ್ದರಲ್ಲಿ ಕಲಿತದ್ದು. ಅರ್ಜಿ ತುಂಬಿಕೊಟ್ಟಳು. ನನಗೆ ಫೋನು ಮಾಡಿದಳು. ನಾನು ಮೇಲಿನಿಂದ ಕೆಲಸ ಮುಗಿಸಿದೆ. ನಾಲ್ಕನೆಯ ದಿನಕ್ಕೆ ಅವಳ ಮುಂದೆ ಸಾಲು ಬೆಳೆದಿತ್ತು. ಕುರುಡರು, ಊರುಗೋಲಿನವರು, ಹೆರಿಗೆಗೆ ದಿನ ತುಂಬಿದವರು, ಉಸಿರಿನ ಕಾಯಿಲೆಯವರು, ಬರೀ ವಯಸ್ಸಾದವರು. ದಿನಕ್ಕೆ ಇಪ್ಪತ್ತು ಸಲ ಹತ್ತುತ್ತಿದ್ದ ಕರಿಯಣ್ಣ ಈಗ ಇಪ್ಪತ್ತು ಜನರ ಕಾಗದವನ್ನು ಒಂದೇ ಕಟ್ಟು ಮಾಡಿ ತರುತ್ತಿದ್ದ. "ಆದಾಯ ಕಮ್ಮಿಯಾಯ್ತು," ಎಂದು ಗೊಣಗಿದ. ಸ್ವಲ್ಪ ಹೊತ್ತು ಬಿಟ್ಟು, "ಮೊಣಕಾಲು ನೋವೂ ಕಮ್ಮಿಯಾಯ್ತು," ಅಂದ.

ಮೇಲೆ, ನೆರವು ಕೇಂದ್ರದಲ್ಲಿ, ಹೊಸ ಮೇಜು, ಹೊಸ ಕುರ್ಚಿ, ಗೋಡೆಗೆ ನಗುವ ಮಗುವಿನ ಚಿತ್ರ. ಫಲಾನುಭವಿಗಳ ಸಂಖ್ಯೆ: ಸೊನ್ನೆ. ಅವಳ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಪ್ರತಿದಿನ ಕೆಂಪು ಶಾಯಿಯಲ್ಲಿ 'ಗೈರು'.

ಒಂಬತ್ತನೆಯ ದಿನ ಮಧ್ಯಾಹ್ನ ಮೂರೂವರೆಗೆ ನಾನು ಶಿರಸ್ತೇದಾರ ನಾಗಭೂಷಣರ ಮೇಜಿನ ಬಳಿಗೆ ಹೋಗಿ ಹಾಜರಿ ಪುಸ್ತಕವನ್ನು ಎತ್ತಿಕೊಂಡೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಎಲ್ಲಿಗೆ?"

"ಕೆಳಗೆ."

"ಆದೇಶ?"

"ಇಲ್ಲ."

ಅವರು ಗೋಡೆಯ ಗಡಿಯಾರದ ಕಡೆ ನೋಡಿದರು. ಮೂವತ್ತೊಂದು ವರ್ಷದ ಸೇವೆಯಲ್ಲಿ ಆದೇಶವಿಲ್ಲದೆ ಅವರು ಕಿಟಕಿಯನ್ನೂ ತೆರೆದವರಲ್ಲ. ಕೊನೆಗೆ, "ಐದೂವರೆಗೆ ನಾನು ಬೀರು ಬೀಗ ಹಾಕ್ತೀನಿ. ಆಗ ಪುಸ್ತಕ ಒಳಗಿರ್ಬೇಕು. ಅಷ್ಟೇ ನನಗೆ ಗೊತ್ತಿರೋದು," ಎಂದು ಹೇಳಿ, ಖಾಲಿ ಕಾಗದವೊಂದನ್ನು ಬಹಳ ಗಮನವಿಟ್ಟು ಓದತೊಡಗಿದರು.

ಇಳಿಯುವುದು ಸುಲಭ ಎಂದು ಎರಡು ಕಾಲು ನೆಟ್ಟಗಿದ್ದವರು ತಿಳಿದಿರುತ್ತಾರೆ. ಕ್ಯಾಲಿಪರಿನವರಿಗೆ ಇಳಿಯುವುದೇ ಕಷ್ಟ. ಮಡಚದ ಕಾಲನ್ನು ಮೊದಲು ಇಳಿಸಿ, ಇಡೀ ಮೈಯನ್ನು ಅದರ ಮೇಲೆ ಬಿಡಬೇಕು. ಎದೆಗೆ ಪುಸ್ತಕ ಅವಚಿಕೊಂಡದ್ದರಿಂದ ಗೋಡೆ ಹಿಡಿಯಲು ಒಂದೇ ಕೈ. ತೊಂಬತ್ತರ ಹತ್ತಿರ ಗಾಯ ಬಿರಿದು ಪಟ್ಟಿ ಒದ್ದೆಯಾದದ್ದು ಗೊತ್ತಾಯಿತು. ನಾನೇ ಕರಡು ಬರೆದ ಮೆಟ್ಟಿಲುಗಳು ಎಂದು ಒಂದೊಂದನ್ನೂ ಗುರುತಿಸುತ್ತ ಇಳಿದೆ: ಇದು ತೋಟಗಾರಿಕೆ, ಇದು ರೇಷ್ಮೆ, ಇದು ಮೀನುಗಾರಿಕೆ. ಮೀನುಗಾರಿಕೆಯ ಮೂರರ ಮೇಲೆ ಕೂತು ಸ್ವಲ್ಪ ಅತ್ತೆ. ಮತ್ತೆ ಎದ್ದೆ.

ಕೆಳಗೆ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಜುಲೇಖಾ ಪುಸ್ತಕ ನೋಡಿದಳು, ನನ್ನ ಕಾಲು ನೋಡಿದಳು. ಸಾಲಿನಲ್ಲಿದ್ದವರು ಜಾಗ ಬಿಟ್ಟರು. ಅವಳು ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಪೂರ್ತಿ ಹೆಸರನ್ನು, ಒಂದಕ್ಷರವೂ ಕೂಡಿಕೊಳ್ಳದ ಹಾಗೆ ಬಿಡಿಸಿ ಬರೆದಳು. ಎಲ್ಲರೂ ನೆಲದ ಕಡೆ ನೋಡುತ್ತಿದ್ದೆವು. ಮೆಟ್ಟಿಲು ಬರಲಿಲ್ಲ. ಆದೇಶವಿಲ್ಲದೆ ಮಾಡಿದ ಕೆಲಸಕ್ಕೆ ಮೆಟ್ಟಿಲು ಹುಟ್ಟುವುದಿಲ್ಲ ಎಂಬುದು ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ. ಆದೇಶವಿಲ್ಲದೆ ಯಾರಾದರೂ ಏನಾದರೂ ಮಾಡಿದ್ದರೆ ತಾನೇ.

ಐದೂವರೆಯೊಳಗೆ ನಾನು ಹತ್ತುವುದು ಸಾಧ್ಯವೇ ಇರಲಿಲ್ಲ. ಕರಿಯಣ್ಣ ಪುಸ್ತಕ ಕಸಿದುಕೊಂಡು ಓಡಿದ. ನೂರ ನಲವತ್ತನೆಯ ಮೆಟ್ಟಿಲ ಮೇಲೆ, ಕುರ್ಚಿಯಲ್ಲಿ ಇಳಿದು ಬರುತ್ತಿದ್ದ ಸಾಹೇಬರಿಗೇ ಎದುರಾದ.

ಮರುದಿನ ನನಗೆ ಕಾರಣ ಕೇಳಿ ನೋಟಿಸು ಬಂತು. ಸರ್ಕಾರಿ ದಾಖಲೆಯನ್ನು ನೆಲಕ್ಕೆ ತಂದದ್ದು, ಖಾಸಗಿ ವ್ಯಕ್ತಿಯ ಕೈಗೆ ಕೊಟ್ಟದ್ದು, ಕಾರ್ಯನೀತಿಯ ಆಶಯಕ್ಕೆ ಧಕ್ಕೆ ತಂದದ್ದು. ನೋಟಿಸಿಗೂ ಆದೇಶ ಸಂಖ್ಯೆ ಇತ್ತಾದ್ದರಿಂದ ಮೆಟ್ಟಿಲು ನೂರ ಅರವತ್ತೆರಡಾಯಿತು. ಮಂಡಿ ಊದಿ ನಾನು ಮನೆಯಲ್ಲಿ ಮಲಗಿದ್ದೆ. ನೋಟಿಸು ತಂದ ಕರಿಯಣ್ಣ, "ಜುಲೇಖಮ್ಮನ ಸಹಿ ಮಾತ್ರ ಹಂಗೇ ಐತೆ. ಪೆನ್ನಲ್ಲಿ ಬರ್ದಿದ್ದನ್ನ ಅಳ್ಸೋಕೆ ಇನ್ನೊಂದು ಆದೇಶ ಬೇಕಂತೆ, ಸಾಹೇಬ್ರು ಮೆಟ್ಲು ನೋಡಿ ಸುಮ್ಕಾದ್ರು," ಅಂದ.

ಮೂರನೆಯ ದಿನ ರಾಜಧಾನಿಯಿಂದ ತಪಾಸಣೆ. ನೋಡಲ್ ಅಧಿಕಾರಿ ಇರಲೇಬೇಕೆಂದು ಹೇಳಿ ಕಳಿಸಿದರು, ಕುಂಟುತ್ತ ಹೋದೆ. ಸಾಹೇಬರು ಹಾರ ಹಿಡಿದು ಕೆಳಗೇ ನಿಂತಿದ್ದರು. ಕಾರಿನಿಂದ ಇಳಿದ ಹಿರಿಯ ಅಧಿಕಾರಿಣಿ ತಲೆಯೆತ್ತಿ ನೋಡಿದರು, ಕಪ್ಪು ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಎಷ್ಟಿವೆ ಇವು?"

"ನೂರ ಅರವತ್ತೆರಡು ಮೇಡಂ," ಎಂದರು ಸಾಹೇಬರು ಎದೆಯುಬ್ಬಿಸಿ. "ಬಹುಪಾಲು ಅನುಷ್ಠಾನದ್ದೇ."

ಅಧಿಕಾರಿಣಿ ಸುತ್ತಲೂ ನೋಡಿ, ನೆರಳಿದ್ದ ಒಂದೇ ಕಡೆ, ಜುಲೇಖಾಳ ಮೇಜಿನ ಎದುರು, ಕೂತುಬಿಟ್ಟರು. ಸಾಲಿನಲ್ಲಿ ಹದಿನೆಂಟು ಜನ. ಅರ್ಧ ಗಂಟೆಯಲ್ಲಿ ಒಂಬತ್ತು ಜನರ ಕೆಲಸ ಮುಗಿದದ್ದನ್ನು ನೋಡಿದರು. "ಇದೇನಿದು?" ಅಂದರು.

"ನಮ್ಮ ನೆಲಮಟ್ಟದ ಮಾದರಿ ಕೇಂದ್ರ ಮೇಡಂ," ಅಂದರು ಸಾಹೇಬರು. ಅವರು ಚುರುಕಿನವರೆಂದು ಮೊದಲೇ ಹೇಳಿದ್ದೇನೆ.

"ತುಂಬ ಚೆನ್ನಾಗಿದೆ. ಇದಕ್ಕೊಂದು ಆದೇಶ ಹೊರಡಿಸಿ. ಎಲ್ಲ ಊರಿಗೂ ಕಳಿಸೋಣ."

ಸಾಹೇಬರ ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು. ಆಗ ಜುಲೇಖಾ, ತುಂಬುತ್ತಿದ್ದ ಅರ್ಜಿಯಿಂದ ತಲೆಯೆತ್ತದೆ, "ಬೇಡ ಮೇಡಂ. ದಯವಿಟ್ಟು ಬರೀಬೇಡಿ," ಅಂದಳು.

"ಯಾಕಮ್ಮ? ಬರೆಯದೆ ಇದ್ರೆ ಇಲ್ಲಿ ಇದು ನಡೀತಿದೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಇವ್ರಿಗೆ ಗೊತ್ತಲ್ಲ ಮೇಡಂ," ಎಂದು ಅವಳು ಸಾಲಿನ ಕಡೆ ಕೈ ಮಾಡಿದಳು. "ಮುಂದಿನವ್ರು ಬನ್ನಿ."

ಅಧಿಕಾರಿಣಿ, ಟಿಪ್ಪಣಿ ಬರೆದುಕೊಳ್ಳಲು ತೆರೆದಿದ್ದ ತಮ್ಮ ಪೆನ್ನನ್ನು ಮುಚ್ಚಿದರು. ಅರ್ಥವಾಗಿ ಮುಚ್ಚಿದರೋ, ಬಿಸಿಲೇರಿತೆಂದು ಮುಚ್ಚಿದರೋ ಗೊತ್ತಿಲ್ಲ. ಒಂದು ಫೋಟೋ ತೆಗೆಸಿಕೊಂಡು ಹೊರಟುಹೋದರು. ನನ್ನ ನೋಟಿಸನ್ನು ಹಿಂದಕ್ಕೆ ಪಡೆಯಲು ಆದೇಶ ಬೇಕಾದ್ದರಿಂದ ಅದನ್ನು ಪಡೆಯಲಿಲ್ಲ. ನಾಗಭೂಷಣರು ಅದಿದ್ದ ಕಡತವನ್ನು ಅಲುಗಾಡುತ್ತಿದ್ದ ಬೀರುವಿನ ಕಾಲಿಗೆ ಒತ್ತು ಕೊಟ್ಟರಂತೆ. ನಾನು ಇವತ್ತಿಗೂ ತಪ್ಪಿತಸ್ಥೆ.

ಕಾರು ಹೋದ ಮೇಲೆ ಸಾಹೇಬರನ್ನು ನಾಲ್ವರು ಕುರ್ಚಿಯಲ್ಲಿ ಎತ್ತಿಕೊಂಡು ಹತ್ತತೊಡಗಿದರು. ನಾನೂ ಹೋಗಬೇಕಿತ್ತು. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟೆ. ಇನ್ನೊಂದನ್ನು ಎತ್ತಲಾಗಲಿಲ್ಲ. ಸುಮ್ಮನೆ ಹಿಂದಿರುಗಿ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಜನ ಕರಗುತ್ತ ಕರಗುತ್ತ ನನ್ನ ಸರದಿ ಬಂತು.

"ಏನಕ್ಕ?" ಅಂದಳು ಜುಲೇಖಾ.

ಕೆಲಸಕ್ಕೆ ಸೇರಿದ ದಿನ ಅಪ್ಪ ಹೇಳಿದ್ದರು, ಕಾಲು ನೋಯುತ್ತೆ ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡ, ಹಾಗಾದರೆ ಮನೆಗೆ ಹೋಗು ಅಂದಾರು. ನಾನು ಹೇಳಿರಲಿಲ್ಲ. ಎಂಬತ್ತೊಂದು ಕರಡುಗಳಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಈಗ ಮೇಜಿನ ಅಂಚನ್ನು ಹಿಡಿದುಕೊಂಡೆ. ಅವಳು ಅವಸರ ಮಾಡದೆ ಕಾದಳು.

"ನನಗೆ ಮೆಟ್ಟಿಲು ಹತ್ತೋಕೆ ಆಗಲ್ಲ," ಅಂದೆ.

ಅವಳು ಅರ್ಜಿ ಹುಡುಕಲಿಲ್ಲ, ಪೆನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡು ಅರ್ಧ ಮೇಜು ಖಾಲಿ ಮಾಡಿದಳು. ಆಮೇಲೆ ಚಹಾದಂಗಡಿಯ ಕಡೆ ತಿರುಗಿ, "ಅಣ್ಣಾ, ಇನ್ನೊಂದು ಸ್ಟೂಲು ಇದ್ರೆ ಕೊಡಿ," ಎಂದು ಕೂಗಿದಳು.